ಊಟ ಬಿಟ್ಟು ಎದ್ದ ರಾಜೀವ, ಸುಮ್ನೆ ನಡೆದ ಗಡ್ಡಪ್ಪ: ಎರಡು ಸಿನಿಮಾಗಳ ಆಶಯ ಹೋಲಿಸುವುದು ಹೇಗೆ?

ಪ್ರಶ್ನೆ: ನಾನು ಮಂಡ್ಯದಲ್ಲಿ ಪದವಿ ಓದುತ್ತಿದ್ದೇನೆ. ಎರಡು ಸಿನಿಮಾಗಳ ಆಶಯ ಹೋಲಿಸಿ ಪ್ರಬಂಧ ಬರೆಯಬೇಕಿತ್ತು. ‘ಬಂಗಾರದ ಮನುಷ್ಯ’ ಮತ್ತು ‘ತಿಥಿ’ ಆರಿಸಿಕೊಂಡೆ. ಎರಡರಲ್ಲೂ ಹಳ್ಳಿ ಇದೆ, ಜಮೀನಿದೆ, ಕುಟುಂಬದ ಜಗಳ ಇದೆ ಎಂದು ಒಂದು ಕಡೆ ಬರೆದೆ. ಒಂದು ಹಳೆಯದು, ಇನ್ನೊಂದು ಹೊಸದು. ಒಂದರಲ್ಲಿ ಹಾಡಿದೆ, ಇನ್ನೊಂದರಲ್ಲಿಲ್ಲ ಎಂದು ಇನ್ನೊಂದು ಕಡೆ ಬರೆದೆ. ಮೇಷ್ಟ್ರು ‘ಇದು ಕಥೆಯ ಹೋಲಿಕೆ, ಆಶಯದ್ದಲ್ಲ’ ಎಂದು ವಾಪಸ್ ಕೊಟ್ಟರು. ಮನೆಯಲ್ಲಿ ಅಜ್ಜನಿಗೆ ಹೇಳಿದರೆ, ‘ಅವೆರಡನ್ನೂ ಹೆಂಗ್ ಹೋಲಿಸ್ತೀಯ? ಒಂದು ಸಿನಿಮಾ, ಇನ್ನೊಂದು ನಮ್ಮೂರು’ ಅಂದರು. ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವು ಆರಿಸಿಕೊಂಡ ಜೋಡಿ ತುಂಬಾ ಚೆನ್ನಾಗಿದೆ. ಅದನ್ನು ಬದಲಾಯಿಸಬೇಡಿ. ಎಡವಿದ್ದು ಆಯ್ಕೆಯಲ್ಲಲ್ಲ, ಪಟ್ಟಿ ಮಾಡಿದ್ದರಲ್ಲಿ. ಮೈಸೂರಿನಲ್ಲಿ ನಾನು ವಿದ್ಯಾರ್ಥಿಗಳ ಜೊತೆ ಕೂತು ಸಿನಿಮಾ ನೋಡುವಾಗಲೂ ಪ್ರತಿ ವರ್ಷ ಇದೇ ಪಟ್ಟಿ ಬರುತ್ತದೆ. ಹಳ್ಳಿ, ಜಮೀನು, ಸಂಬಂಧ, ಸಾವು. ಇವೆಲ್ಲ ವಿಷಯಗಳು. ಆಶಯ ಅಂದರೆ ಆ ವಿಷಯದ ಬಗ್ಗೆ ಸಿನಿಮಾ ಆಡುವ ಮಾತು. ಮಾತು ಅಂದಮೇಲೆ ಅದರಲ್ಲಿ ಕ್ರಿಯಾಪದ ಇರಬೇಕು. ‘ಜಮೀನು’ ಅಂತ ಬರೆದು ನಿಲ್ಲಿಸಿದರೆ ಆಶಯ ಆಗಲಿಲ್ಲ. ‘ಬೆವರು ಸುರಿಸಿದವನಿಗೆ ಜಮೀನು ಒಲಿಯುತ್ತದೆ, ಸಾಕಿದ ಮನೆ ಒಲಿಯುವುದಿಲ್ಲ’ ಅಂತ ಬರೆದರೆ ಅದು ಆಶಯ. ಒಪ್ಪಬಹುದು, ಜಗಳ ಆಡಬಹುದು. ಜಗಳ ಆಡಲು ಆಗದ ವಾಕ್ಯ ನಿಮ್ಮ ಪ್ರಬಂಧದಲ್ಲಿದ್ದರೆ ಅದು ಇನ್ನೂ ವಿಷಯದ ಹಂತದಲ್ಲೇ ಇದೆ ಅಂತ ತಿಳಿಯಿರಿ.

ಹಾಗಾದರೆ ಆ ವಾಕ್ಯ ಸಿಗುವುದೆಲ್ಲಿ? ನಾನು ಮಾಡುವ ಕೆಲಸ ಒಂದೇ. ಎರಡೂ ಸಿನಿಮಾಗಳಲ್ಲಿ ನಡೆಯುವ ಒಂದೇ ಒಂದು ಕೆಲಸವನ್ನು ಹುಡುಕುತ್ತೇನೆ. ವಿಷಯವಲ್ಲ, ಕೆಲಸ. ಯಾರೋ ಊಟ ಮಾಡುವುದು, ಸಹಿ ಹಾಕುವುದು, ಹೊಸಿಲು ದಾಟುವುದು. ಕೈಕಾಲಿನಿಂದ ಮಾಡುವಂಥದ್ದು. ಆಮೇಲೆ ಆ ಕೆಲಸಕ್ಕೆ ಎರಡು ಸಿನಿಮಾಗಳು ಬೇರೆ ಬೇರೆ ಬೆಲೆ ಕಟ್ಟುವುದನ್ನು ನೋಡುತ್ತೇನೆ.

ನಿಮ್ಮ ಜೋಡಿಯಲ್ಲಿ ಅಂಥ ಕೆಲಸ ಕಣ್ಣೆದುರೇ ಇದೆ. ಎರಡರಲ್ಲೂ ಒಬ್ಬ ಗಂಡಸು ಜಮೀನು, ಮನೆ ಎರಡನ್ನೂ ಬಿಟ್ಟು ನಡೆಯುತ್ತಾನೆ.

ಮೊದಲು ‘ಬಂಗಾರದ ಮನುಷ್ಯ’ದ ರಾಜೀವ. ಟಿ.ಕೆ. ರಾಮರಾವ್ ಅವರ ಕಾದಂಬರಿಯಿಂದ ಸಿದ್ದಲಿಂಗಯ್ಯ 1972ರಲ್ಲಿ ಮಾಡಿದ ಸಿನಿಮಾ. ಅಕ್ಕನ ಊರಿಗೆ ಬಂದವನು ಭಾವ ತೀರಿಕೊಂಡ ಮೇಲೆ ಆ ಮನೆಯ ನೊಗಕ್ಕೆ ಹೆಗಲು ಕೊಡುತ್ತಾನೆ. ಕಲ್ಲು ತುಂಬಿದ ಬಂಜರು ನೆಲವನ್ನು ಹಸಿರು ಮಾಡುತ್ತಾನೆ. ಹೆಂಡತಿಯನ್ನು ಕಳೆದುಕೊಳ್ಳುತ್ತಾನೆ. ಕೊನೆಗೆ ತಾನೇ ಓದಿಸಿದ ಅಕ್ಕನ ಮಗ ಊಟದ ಹೊತ್ತಿನಲ್ಲಿ ಆಡಬಾರದ ಮಾತಾಡುತ್ತಾನೆ. ರಾಜೀವ ಅರ್ಧ ಊಟಕ್ಕೆ ಎದ್ದು ಹೊರಟುಬಿಡುತ್ತಾನೆ. ಮತ್ತೆ ಬರುವುದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿ. ಯಾಕೆ ಊಟದ ಹೊತ್ತು? ಅದೇ ಮಾತನ್ನು ಹೊಲದಲ್ಲಿ ಆಡಿಸಬಹುದಿತ್ತು, ಜಗಲಿಯ ಮೇಲೆ ಆಡಿಸಬಹುದಿತ್ತು. ನಮ್ಮ ಕಡೆ ಉಣ್ಣುವವರನ್ನು ಎಬ್ಬಿಸುವುದಿಲ್ಲ. ಬೈಯುವುದಿದ್ದರೂ ‘ಉಂಡ್ಕೊಳ್ಲಿ ತಾಳು’ ಅನ್ನುತ್ತಾರೆ. ಸಾಲ ಕೇಳಲು ಬಂದವರೂ ಕೈ ತೊಳೆಯುವವರೆಗೆ ಕಾಯುತ್ತಾರೆ. ಇಡೀ ಮನೆಗೆ ಅನ್ನ ಹುಟ್ಟಿಸಿದವನು ಅದೇ ಮನೆಯ ಅನ್ನದ ಮುಂದಿನಿಂದ ಏಳುವ ಹಾಗೆ ಆಗುತ್ತದಲ್ಲ, ಸಿನಿಮಾದ ಅಷ್ಟೂ ನೋವು ಅಲ್ಲಿ ಗಂಟು ಬಿದ್ದಿದೆ. ಹೋಗುವವನು ರಾಜ್‌ಕುಮಾರ್ ಬೇರೆ. ನಾವು ಮನಸ್ಸಿನಲ್ಲೇ ಅವರ ಹಿಂದೆ ನಡೆಯುತ್ತೇವೆ. ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಸಿನಿಮಾ ಅದು. ಜನ ಬಂದದ್ದು ಹಾಡಿಗೂ ಹೌದು, ಬಣ್ಣಕ್ಕೂ ಹೌದು. ಆದರೆ ಆ ಎದ್ದು ಹೋಗುವುದನ್ನು ನೋಡಿ ಅಳಲಿಕ್ಕೂ ಬಂದರು.

ಇನ್ನು ಗಡ್ಡಪ್ಪ. ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, ಮುಂದಿನ ವರ್ಷ ನಮ್ಮ ಚಿತ್ರಮಂದಿರಗಳಿಗೆ ಬಂತು. ನಿಮ್ಮ ಜಿಲ್ಲೆಯ ನೊದೆಕೊಪ್ಪಲಿನಲ್ಲೇ ಚಿತ್ರೀಕರಿಸಿದ್ದು. ಈರೇಗೌಡರು ನಿರ್ದೇಶಕರ ಜೊತೆ ಸೇರಿ ಕಥೆ ಬರೆದರು. ಅದು ಅವರದೇ ಊರು. 101 ವರ್ಷದ ಸೆಂಚುರಿ ಗೌಡ ಹೋಗಿ ಬರುವವರನ್ನೆಲ್ಲ ಬೈಯುತ್ತಾ ಕೂತಿದ್ದವನು, ಎದ್ದು ಹೋಗಿ, ಬಿದ್ದು ಸಾಯುತ್ತಾನೆ. ಹನ್ನೊಂದನೇ ದಿನ ತಿಥಿ. ಆ ಹನ್ನೊಂದು ದಿನದಲ್ಲಿ ಮೊಮ್ಮಗ ತಮ್ಮಣ್ಣನಿಗೆ ಅಜ್ಜನ ಹೆಸರಿನ ಐದು ಎಕರೆ ಮಾರುವ ಆತುರ. ಅದಕ್ಕೆ ಅಪ್ಪ ಗಡ್ಡಪ್ಪ ಅಡ್ಡ. ಅಡ್ಡ ಅಂದರೆ ಜಗಳ ಆಡಿ ಅಲ್ಲ, ಆಸಕ್ತಿಯೇ ಇಲ್ಲದೆ. ಜಮೀನು ಬೇಕು ಅನ್ನುವುದೂ ಇಲ್ಲ, ಸಹಿ ಹಾಕಿ ಕೊಡುವುದೂ ಇಲ್ಲ. ಬೀಡಿ, ಸಣ್ಣ ಬಾಟಲಿ ಬ್ರಾಂದಿ, ನಡಿಗೆ, ಅಷ್ಟೇ. ಕೊನೆಗೆ ಮಗ ಅಪ್ಪನಿಗೆ ದುಡ್ಡು ಕೊಟ್ಟು ‘ಊರೂರು ಸುತ್ತಿಕೊಂಡು ಬಾ’ ಎಂದು ಕಳಿಸುತ್ತಾನೆ. ಗಡ್ಡಪ್ಪ ಹೋಗಿ ಕುರಿ ಕಾಯುವವರ ಜೊತೆ ಸೇರಿಕೊಳ್ಳುತ್ತಾನೆ.

ಇವನು ಹೋದದ್ದಕ್ಕೆ ಯಾರೂ ಅಳುವುದಿಲ್ಲ. ಹೋದದ್ದು ಯಾರಿಗೂ ದೊಡ್ಡದಾಗಿ ಕಾಣುವುದೂ ಇಲ್ಲ. ಯಾಕೆಂದರೆ ಅವನು ಮೊದಲಿಂದಲೂ ನಡೆಯುತ್ತಲೇ ಇದ್ದ. ರಾಜೀವನ ಪಾಲಿಗೆ ಮನೆ ಬಿಡುವುದು ಕೊನೆ. ಗಡ್ಡಪ್ಪನ ಪಾಲಿಗೆ ಅದು ದಿನಚರಿ.

ಈಗ ವಾಕ್ಯ ಬರೆಯಲು ಬರುತ್ತದೆ, ಅಲ್ವಾ? ನಾನಾದರೆ ಹೀಗೆ ಬರೆಯುತ್ತೇನೆ: ‘ಬಂಗಾರದ ಮನುಷ್ಯ’ದಲ್ಲಿ ನೆಲ ಮನುಷ್ಯನ ಯೋಗ್ಯತೆಗೆ ಸಾಕ್ಷಿ ನಿಲ್ಲುತ್ತದೆ. ಅದನ್ನು ಬಿಡುವುದು ತ್ಯಾಗವಾಗುವುದು ಅದಕ್ಕೇ. ‘ತಿಥಿ’ಯಲ್ಲಿ ನೆಲ ಯಾರ ಯೋಗ್ಯತೆಯನ್ನೂ ಹೇಳುವುದಿಲ್ಲ, ಬರೀ ಆಸೆಯನ್ನು ಹೊರಗೆ ತೋರಿಸುತ್ತದೆ. ಅದನ್ನು ಬಿಟ್ಟರೆ ತ್ಯಾಗವೂ ಆಗುವುದಿಲ್ಲ, ಸೋಲೂ ಆಗುವುದಿಲ್ಲ. ನೀವು ಬೇರೆ ಥರ ಬರೆಯಬಹುದು. ಆದರೆ ಎರಡು ವಾಕ್ಯಗಳು ಒಂದನ್ನೊಂದು ಮುಟ್ಟಬೇಕು. ಒಂದು ಸಿನಿಮಾದ ಬಗ್ಗೆ ಎರಡು ಪುಟ, ಇನ್ನೊಂದರ ಬಗ್ಗೆ ಎರಡು ಪುಟ ಬರೆದು ನಡುವೆ ‘ಆದರೆ’ ಹಾಕಿದರೆ ಹೋಲಿಕೆ ಆಗುವುದಿಲ್ಲ.

ಊಟವನ್ನೂ ಮರೆಯಬೇಡಿ. ಒಂದು ಸಿನಿಮಾ ಬಿಟ್ಟ ಊಟದಿಂದ ಮುಗಿಯುವ ಹಾದಿ ಹಿಡಿಯುತ್ತದೆ. ಇನ್ನೊಂದರಲ್ಲಿ ಎಲ್ಲ ಎಳೆಗಳೂ ಇಡೀ ಊರು ಉಣ್ಣುವ ತಿಥಿ ಊಟಕ್ಕೆ ಬಂದು ಸೇರುತ್ತವೆ. ಈ ಒಂದು ಎಳೆ ಹಿಡಿದೇ ನಿಮ್ಮ ಮೇಷ್ಟ್ರು ಒಪ್ಪುವಂಥ ನಾಲ್ಕು ಪುಟ ಬರೆಯಬಹುದು.

ನಿಮ್ಮ ವಾಕ್ಯ ಗಟ್ಟಿ ಇದೆಯೋ ಇಲ್ಲವೋ ನೋಡಲು ಒಂದು ದಾರಿ ಹೇಳುತ್ತೇನೆ. ಮೂರನೇ ಸಿನಿಮಾದ ಮುಂದೆ ಅದನ್ನು ಇಟ್ಟು ನೋಡಿ. ‘ಬೆವರು ಸುರಿಸಿದವನಿಗೆ ಜಮೀನು ಒಲಿಯುತ್ತದೆ’ ಎಂಬ ಮಾತನ್ನು ಚೋಮನ ಮುಂದೆ ಹೇಳಿ ನೋಡಿ. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, 1975ರ ‘ಚೋಮನ ದುಡಿ’. ಚೋಮನ ಹತ್ತಿರ ಎತ್ತುಗಳಿವೆ, ತೋಳಿನಲ್ಲಿ ಬಲ ಇದೆ, ಬೇಸಾಯದ ಆಸೆ ಎದೆ ತುಂಬ ಇದೆ. ಒಂದು ತುಂಡು ಗೇಣಿ ಭೂಮಿ ಸಿಗುವುದಿಲ್ಲ. ಕಾರಣ ಅವನ ಜಾತಿ. ಸಾಯುವವರೆಗೂ ದುಡಿ ಬಡಿಯುವುದೊಂದೇ ಅವನ ಕೈಯಲ್ಲಿ ಉಳಿಯುವುದು. ಈ ಸಿನಿಮಾ ನೋಡಿದ ಮೇಲೆ ರಾಜೀವನ ಕಲ್ಲು ಭೂಮಿಯ ದೃಶ್ಯಗಳನ್ನು ಇನ್ನೊಂದು ಸಲ ನೋಡಿ. ಆಗ ‘ಆಗದು ಎಂದು’ ಕೈ ಕಟ್ಟಿ ಕೂರಬಾರದೆಂಬ ಆ ಹಾಡಿನ ಹುರುಪು ಸುಳ್ಳು ಅಂತ ಅನಿಸುವುದಿಲ್ಲ. ನನಗಂತೂ ಅನಿಸಿಲ್ಲ. ಆದರೆ ಅದು ಯಾರಿಗೆ ನಿಜ ಎಂಬ ಪ್ರಶ್ನೆ ಏಳುತ್ತದೆ. ಕಲ್ಲನ್ನು ಒಡೆಯಲು ಬಿಡಬೇಕಲ್ಲ ಮೊದಲು? ಮೂರನೇ ಸಿನಿಮಾ ಮಾಡುವ ಉಪಕಾರ ಇದು. ಒಂದು ಸಿನಿಮಾ ಹೇಳದೆ ಬಿಟ್ಟದ್ದನ್ನು ಅದು ಬಾಯಿಬಿಡಿಸುತ್ತದೆ.

ನನಗೆ ತುಂಬಾ ಹತ್ತಿರವಾದ ಇನ್ನೊಂದು ಜೋಡಿ ಇದೆ, ‘ತಿಥಿ’ ಮತ್ತು ‘ಘಟಶ್ರಾದ್ಧ’. ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮಗೆ ಬೇಕಾದ ವಿದ್ಯೆ ಪೂರ್ತಿ ಅದರಲ್ಲಿದೆ.

ತಮ್ಮಣ್ಣ ಅಪ್ಪನನ್ನು ಊರು ಬಿಡಿಸುವುದರ ಜೊತೆಗೆ ಮಾಡುವ ಕೆಲಸ ಏನು? ಬದುಕಿರುವ ಅಪ್ಪ ಸತ್ತಿದ್ದಾನೆ ಎಂದು ಮರಣ ಪ್ರಮಾಣಪತ್ರ ಮಾಡಿಸುವುದು. ಮೈಸೂರಿನಲ್ಲಿ ಒಮ್ಮೆ ಈ ಸಿನಿಮಾ ತೋರಿಸಿದಾಗ, ನೋಡಲು ಬಂದಿದ್ದ ವಯಸ್ಸಾದ ರೈತರೊಬ್ಬರು ಆ ಜಾಗದಲ್ಲಿ ನಗಲಿಲ್ಲ. ಸುತ್ತ ಹುಡುಗರೆಲ್ಲ ನಗುತ್ತಿದ್ದರು. ಅವರು ಪಕ್ಕದವರಿಗೆ ಮೆಲ್ಲಗೆ, ‘ಪೌತಿ ಖಾತೆ ಕಣಪ್ಪ, ಇನ್ನೇನು ಮಾಡ್ತಾನೆ’ ಅಂದರು. ಅವರಿಗೆ ಆ ಕಾಗದದ ದಾರಿ ಅಂಗೈಯಷ್ಟು ಗೊತ್ತಿತ್ತು. ಪೌತಿ ಖಾತೆ ಅಂದರೆ ಅದೇ, ಸತ್ತವರ ಹೆಸರಿನಿಂದ ಬದುಕಿದ್ದವರ ಹೆಸರಿಗೆ ಜಮೀನು ಮಾಡಿಸುವುದು. ಹಾಗೆ ಪಹಣಿ ಬರಬೇಕಾದರೆ ಮರಣ ಪತ್ರ ಬೇಕು, ವಂಶವೃಕ್ಷ ಬೇಕು. ನಡುವಿನ ತಲೆಮಾರು ಒಪ್ಪದಿದ್ದರೆ ಎಲ್ಲ ನಿಂತಿತು. ತಮ್ಮಣ್ಣ ಕೆಟ್ಟವನಲ್ಲ, ಸಿಕ್ಕಿಕೊಂಡವನು. ಅವರು ಹೇಳಿದ್ದು ಅದನ್ನೇ.

(ವಂಶವೃಕ್ಷ ಅಂದಾಗ ನೆನಪಾಯಿತು. ಭೈರಪ್ಪನವರ ಅದೇ ಹೆಸರಿನ ಕಾದಂಬರಿಯನ್ನು ಬಿ.ವಿ. ಕಾರಂತ, ಗಿರೀಶ ಕಾರ್ನಾಡ ಸೇರಿ ಸಿನಿಮಾ ಮಾಡಿದರು. ನಂಜನಗೂಡು, ಮೈಸೂರಿನ ಕಥೆ. ತಾನು ಜೀವಮಾನವಿಡೀ ಕಾಪಾಡಿದ ವಂಶಕ್ಕೆ ತಾನೇ ಹುಟ್ಟಿದವನಲ್ಲ ಎಂದು ಆ ಮನೆಯ ಹಿರಿಯ ಶ್ರೋತ್ರಿಗಳಿಗೆ ಗೊತ್ತಾಗುತ್ತದೆ. ನಾಡ ಕಚೇರಿಯಲ್ಲಿ ಅರ್ಜಿ ಕೊಟ್ಟು ಪಡೆಯುವ ವಂಶವೃಕ್ಷವನ್ನೂ ಅದನ್ನೂ ಪಕ್ಕದಲ್ಲಿಟ್ಟು ನೋಡಿ. ಒಂದೇ ಪದದಲ್ಲಿ ಎರಡು ಲೋಕ ಕಾಣಿಸುತ್ತದೆ.)

ಈಗ 1977ಕ್ಕೆ ಬನ್ನಿ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’. ಅನಂತಮೂರ್ತಿಯವರ ಕಥೆ. ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ, ಸ್ವರ್ಣಕಮಲ ಪಡೆದ ಸಿನಿಮಾ. ವೇದ ಕಲಿಯಲು ಬಂದ ನಾಣಿ ಎಂಬ ಸಣ್ಣ ಹುಡುಗ, ಅವನನ್ನು ಅಕ್ಕರೆಯಿಂದ ನೋಡಿಕೊಳ್ಳುವ ಯಮುನಕ್ಕ. ಅವಳು ಪಾಠಶಾಲೆ ನಡೆಸುವ ಉಡುಪರ ಮಗಳು, ವಿಧವೆ. ಅವಳು ಬಸುರಿ ಎಂಬುದು ಹೊರಗೆ ಬಂದ ಮೇಲೆ ಅವಳ ಅಪ್ಪ ಅವಳು ಬದುಕಿರುವಾಗಲೇ ಅವಳ ಶ್ರಾದ್ಧ ಮಾಡಿಬಿಡುತ್ತಾನೆ. ಮಡಕೆಯೇ ಅವಳ ಗುರುತು. ಅದು ಒಡೆದರೆ ಅವಳು ಸತ್ತಂತೆ.

ನೋಡಿ, ಕೆಲಸ ಒಂದೇ. ಬದುಕಿದ್ದವರನ್ನು ಸತ್ತರು ಅನ್ನುವುದು. ಒಂದು ಕಡೆ ಅಪ್ಪ ಮಗಳಿಗೆ ಮಾಡುತ್ತಾನೆ, ಇನ್ನೊಂದು ಕಡೆ ಮಗ ಅಪ್ಪನಿಗೆ ಮಾಡುತ್ತಾನೆ. ಒಂದು ಕಡೆ ಮಂತ್ರ, ಮಡಕೆ. ಇನ್ನೊಂದು ಕಡೆ ಅರ್ಜಿ, ಮೊಹರು, ಲಂಚ. ಒಂದು ಮಾನಕ್ಕಾಗಿ, ಇನ್ನೊಂದು ಹಣಕ್ಕಾಗಿ. ಇಷ್ಟಕ್ಕೇ ನಿಲ್ಲಿಸಿದರೆ ಮತ್ತೆ ಪಟ್ಟಿಯೇ ಆಯಿತು. ಮುಂದಿನ ಪ್ರಶ್ನೆ ಕೇಳಬೇಕು: ಸತ್ತರು ಅನ್ನಿಸಿಕೊಂಡವರಿಂದ ಏನು ಹೋಯಿತು?

ಯಮುನಕ್ಕನಿಂದ ಎಲ್ಲವೂ ಹೋಯಿತು. ಮನೆ, ಹೆಸರು, ಅಪ್ಪ, ‘ಅಕ್ಕ’ ಎಂದು ಕರೆಯುವ ಹುಡುಗ. ತಲೆ ಬೋಳಿಸಿಕೊಂಡು ಒಬ್ಬಳೇ ಕೂತ ಅವಳನ್ನು ನಾಣಿ ಊರು ಬಿಡುವಾಗ ನೋಡುತ್ತಾನೆ. ಅವಳಿಗೆ ಆ ಊರಿನ ಆಚೆ ಲೋಕವೇ ಇರಲಿಲ್ಲ. ಹಾಗಾಗಿ ಊರು ‘ನೀನಿಲ್ಲ’ ಅಂದರೆ ಅವಳು ಇಲ್ಲ. ಗಡ್ಡಪ್ಪನಿಂದ ಏನೂ ಹೋಗಲಿಲ್ಲ. ಕಾಗದದಲ್ಲಿ ಸತ್ತ ದಿನವೂ ಅವನು ನಡೆದ, ಬೀಡಿ ಸೇದಿದ. ಅವನು ಕೊಟ್ಟುಕೊಳ್ಳುವ ಲೋಕದಿಂದ ಎಂದೋ ಹೊರಗೆ ಬಂದಿದ್ದ. ಅವನು ಹೊರಗೆ ಬಂದ ಕಾರಣವೂ ಸುಖದ್ದಲ್ಲ. ಕುರಿಗಾಹಿಗಳ ಜೊತೆ ಕೂತು ಅವನು ತನ್ನ ಹಳೆಯ ಕಥೆ ಹೇಳುತ್ತಾನೆ, ಹೆತ್ತ ಅಪ್ಪನಿಂದಲೇ ಆದ ಗಾಯದ ಕಥೆ. ಅದನ್ನು ಕೇಳಿದ ಮೇಲೆ ಅವನ ನಡಿಗೆ ಸೋಮಾರಿಯ ನಡಿಗೆಯಾಗಿ ಕಾಣುವುದಿಲ್ಲ.

ಹಾಗಾಗಿ ‘ಘಟಶ್ರಾದ್ಧ’ ಹೇಳುವುದು: ಊರು ಒಬ್ಬಳನ್ನು ಮುಟ್ಟದೆಯೇ ಕೊಲ್ಲಬಲ್ಲದು. ‘ತಿಥಿ’ ಹೇಳುವುದು: ಕೈಯಲ್ಲಿ ಏನೂ ಹಿಡಿದುಕೊಳ್ಳದವನನ್ನು ಯಾರೂ ಕೊಲ್ಲಲಾಗದು, ಹಿಡಿದುಕೊಳ್ಳಲು ಹೋದವನು ಹೈರಾಣಾಗುತ್ತಾನೆ. ಈ ಎರಡು ಮಾತುಗಳ ನಡುವೆ ಇನ್ನೊಂದು ಸತ್ಯ ಕೂತಿದೆ. ಗಡ್ಡಪ್ಪ ಗಂಡಸು. ಅದಕ್ಕೇ ಅವನು ಹಾಗೆ ನಡೆದು ಹೋಗಬಹುದು. ಯಮುನಕ್ಕ ಬೀಡಿ ಹಚ್ಚಿಕೊಂಡು ಊರಾಚೆ ನಡೆದಿದ್ದರೆ ಯಾವ ಕುರಿಹಟ್ಟಿ ಅವಳನ್ನು ಏನೂ ಕೇಳದೆ ಬೆಂಕಿಯ ಹತ್ತಿರ ಕೂರಿಸಿಕೊಳ್ಳುತ್ತಿತ್ತು? ಇದನ್ನು ಎರಡೂ ಸಿನಿಮಾ ಬಾಯಿಬಿಟ್ಟು ಹೇಳಿಲ್ಲ. ಪಕ್ಕಪಕ್ಕ ಇಟ್ಟಾಗ ಮಾತ್ರ ಕೇಳಿಸುತ್ತದೆ. ಹೋಲಿಸಬೇಕಾದದ್ದು ಇದಕ್ಕಾಗಿ. ಒಂದೇ ಸಿನಿಮಾ ಹತ್ತು ಸಲ ನೋಡಿದರೂ ಸಿಗದ ಮಾತು ಇದು.

ಅದೇ ಕಣ್ಣಿನಿಂದ ನಿಮ್ಮ ಜೋಡಿಗೆ ವಾಪಸ್ ಹೋಗಿ. ‘ಬಂಗಾರದ ಮನುಷ್ಯ’ದಲ್ಲೂ ‘ತಿಥಿ’ಯಲ್ಲೂ ಜಮೀನಿನ ಮಾತು ಮುಖ್ಯವಾಗಿ ಗಂಡಸರ ನಡುವೆಯೇ ನಡೆದು ಮುಗಿಯುತ್ತದೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ತಂದಿತು, 2005ರಲ್ಲಿ ಅದು ದೇಶಕ್ಕೆಲ್ಲ ಬಂತು. ಆದರೂ 2015ರ ಸಿನಿಮಾ ಅಜ್ಜ, ಅಪ್ಪ, ಮಗ, ಮೊಮ್ಮಗ ಎಂಬ ಗಂಡು ಸಾಲಿನ ಮೇಲೆಯೇ ನಿಂತಿದೆ. ಇದನ್ನು ಸಿನಿಮಾದ ತಪ್ಪು ಅಂತ ಬರೆಯಬೇಡಿ. ಮಂಡ್ಯದ ಹಳ್ಳಿಗಳಲ್ಲಿ ಜಗಲಿ ಮೇಲೆ ಪಹಣಿ ಹಿಡಿದು ಕೂತವರನ್ನು ನೀವು ನೋಡಿಯೇ ಇರುತ್ತೀರಿ. ಹೆಣ್ಣುಮಕ್ಕಳು ಒಳಗೆ ಸಾರು ಕುದಿಸುತ್ತಿರುತ್ತಾರೆ, ಸಹಿಗೆ ಮಾತ್ರ ಹೊರಗೆ ಕರೆಯುತ್ತಾರೆ. ಸಿನಿಮಾ ಅದನ್ನು ಹಾಗೇ ತೋರಿಸಿದೆಯೋ, ಪ್ರಶ್ನೆ ಮಾಡಿದೆಯೋ, ಗಮನಿಸದೆ ಬಿಟ್ಟಿದೆಯೋ ಅಂತ ಕೇಳಿ. ಮೂರೂ ಬೇರೆ ಬೇರೆ.

ಕಾಲದ ಬಗ್ಗೆ ಒಂದು ಮಾತು. ‘ಒಂದು ಹಳೆಯದು, ಇನ್ನೊಂದು ಹೊಸದು’ ಎಂದು ಬರೆದಿದ್ದೀರಿ. ಅದು ಸಾಲದು. 1972 ಅಂದರೆ ನಮ್ಮ ಹುಣಸೂರು ಕಡೆಯ ದೇವರಾಜ ಅರಸು ಮುಖ್ಯಮಂತ್ರಿಯಾದ ವರ್ಷ. ಎರಡು ವರ್ಷಕ್ಕೆ ಭೂ ಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂತು, ‘ಉಳುವವನೇ ಹೊಲದೊಡೆಯ’ ಎಂಬುದು ಮನೆಮಾತಾಯಿತು. ದುಡಿಯುವ ಕೈಗೆ ನೆಲ ಸಲ್ಲಬೇಕು ಎಂಬ ಮಾತು ಗಾಳಿಯಲ್ಲಿದ್ದ ಕಾಲ. ‘ತಿಥಿ’ಯ ಹೊತ್ತಿಗೆ ಅದೇ ನೆಲ ಬೆಳೆಯ ಲೆಕ್ಕಕ್ಕಿಂತ ಕ್ರಯದ ಲೆಕ್ಕದಲ್ಲಿ ಮಾತಿಗೆ ಬರುತ್ತದೆ. ಆದರೆ ಹುಷಾರು. ಕಾಲ ಹಾಗಿತ್ತು, ಅದಕ್ಕೇ ಸಿನಿಮಾ ಹಾಗಿದೆ ಅಂತ ನೇರ ಗೆರೆ ಎಳೆಯಬೇಡಿ. ‘ಚೋಮನ ದುಡಿ’ಯೂ ಅದೇ ಕಾಲದ್ದಲ್ಲವೇ? ಒಂದೇ ಗಾಳಿಯಲ್ಲಿ ಎರಡು ಬೇರೆ ಬೇರೆ ಹಾಡು ಹುಟ್ಟುತ್ತವೆ. ಕಾಲ ನಿಮಗೆ ಪ್ರಶ್ನೆ ಕೊಡುತ್ತದೆ, ಉತ್ತರವನ್ನು ಸಿನಿಮಾದೊಳಗೇ ಹುಡುಕಬೇಕು.

ನಿರ್ದೇಶಕರ ಸಂದರ್ಶನವನ್ನೂ ಅಷ್ಟೇ, ಕೊನೆಯಲ್ಲಿ ಓದಿ.

ಇನ್ನು ನಿಮ್ಮ ಅಜ್ಜನ ಮಾತು. ‘ಒಂದು ಸಿನಿಮಾ, ಇನ್ನೊಂದು ನಮ್ಮೂರು.’ ಇದನ್ನು ನೀವು ಪ್ರಬಂಧದಲ್ಲಿ ಬಿಡಬೇಡಿ. ನನ್ನ ಪ್ರಕಾರ ನಿಮ್ಮ ಪತ್ರದ ಅತ್ಯಂತ ಬೆಲೆಬಾಳುವ ಸಾಲು ಅದು. ಅಜ್ಜ ಹೇಳುತ್ತಿರುವುದು ಕಟ್ಟುವ ರೀತಿಯ ಬಗ್ಗೆ. ‘ತಿಥಿ’ಯಲ್ಲಿ ನಟಿಸಿದವರು ವೃತ್ತಿ ಕಲಾವಿದರಲ್ಲ, ಹಳ್ಳಿಯ ಜನ. ಮಾತು ಮಂಡ್ಯದ್ದು, ಬೈಗುಳವೂ ಮಂಡ್ಯದ್ದೇ. ರಾಜೀವನನ್ನು ನೋಡಿದಾಗ ‘ನಾನು ಹೀಗಿರಬೇಕಿತ್ತು’ ಅನಿಸುತ್ತದೆ. ಗಡ್ಡಪ್ಪನನ್ನು ನೋಡಿದಾಗ ‘ಇವನು ನಮ್ಮ ಬೀದಿಯವನು’ ಅನಿಸುತ್ತದೆ. ಒಂದು ಸಿನಿಮಾ ನಮ್ಮನ್ನು ತಲೆಯೆತ್ತಿ ನೋಡಿಸುತ್ತದೆ, ಇನ್ನೊಂದು ಪಕ್ಕಕ್ಕೆ ತಿರುಗಿ ನೋಡಿಸುತ್ತದೆ. ಆಶಯ ಬರೀ ಕಥೆಯಲ್ಲಿರುವುದಿಲ್ಲ, ಈ ನೋಡಿಸುವುದರಲ್ಲೂ ಇರುತ್ತದೆ. ರಾಜೀವನ ಜಾಗದಲ್ಲಿ ಯಾರೂ ಅರಿಯದ ಮುಖ ಇದ್ದಿದ್ದರೆ ಅದು ತ್ಯಾಗದ ಕಥೆಯಾಗಿ ಉಳಿಯುತ್ತಿತ್ತೇ? ಗಡ್ಡಪ್ಪನ ಜಾಗದಲ್ಲಿ ದೊಡ್ಡ ನಾಯಕನಿದ್ದಿದ್ದರೆ ನಾವು ಅವನನ್ನು ಸನ್ಯಾಸಿ ಮಾಡಿಬಿಡುತ್ತಿದ್ದೆವು. ಯೋಚಿಸಿ.

ಆದರೆ ಅಜ್ಜನಿಗೆ ಒಂದು ವಿಷಯ ಹೇಳಿ. ‘ತಿಥಿ’ಯೂ ಸಿನಿಮಾವೇ. ಊರನ್ನು ಹಾಗೇ ಎತ್ತಿಟ್ಟದ್ದಲ್ಲ. ಯಾವ ಹನ್ನೊಂದು ದಿನ, ಯಾರ ಹಿಂದೆ ಕ್ಯಾಮೆರಾ, ಯಾವ ಮಾತಿಗೆ ಕತ್ತರಿ, ಎಲ್ಲ ಆಯ್ದದ್ದು. ನಮ್ಮೂರು ಅನಿಸುವ ಹಾಗೆ ಮಾಡಿರುವುದೇ ಅದರ ಕಸುಬು.

ಈಗ ಪ್ರಬಂಧಕ್ಕೆ ಬನ್ನಿ. ಎರಡೂ ಸಿನಿಮಾ ಇನ್ನೊಂದು ಸಲ ನೋಡಿ. ಈ ಸಲ ಪೆನ್ನು ಹಿಡಿದು, ಬರೀ ಹೊರಡುವ ದೃಶ್ಯಗಳನ್ನು ಬರೆದುಕೊಳ್ಳಿ. ಯಾರು ಎದುರಿಗಿದ್ದರು, ಕೈಯಲ್ಲಿ ಏನಿತ್ತು, ಹಿಂದಿರುಗಿ ನೋಡಿದರೇ, ಅದಾದ ಮೇಲೆ ಸಿನಿಮಾ ಯಾರ ಹತ್ತಿರ ಹೋಯಿತು. ಮೊದಲ ಪ್ಯಾರಾದಲ್ಲೇ ರಾಜೀವನ ಊಟ ಮತ್ತು ಗಡ್ಡಪ್ಪನ ನಡಿಗೆ ಎರಡನ್ನೂ ಇಡಿ. ಕಥಾಸಾರ ಹೇಳಲು ಹೋಗಬೇಡಿ, ಬೇಕಾದ ಕಡೆ ಒಂದೊಂದು ಸಾಲು ಬಂದರೆ ಸಾಕು. ಚೋಮನಿಗೆ ಒಂದು ಪ್ಯಾರಾ ಕೊಡಿ. ಸಿನಿಮಾಗಳ ಹೆಸರು ಬದಲಾಯಿಸಿ ಬರೆದರೂ ಹೊಂದುವ ವಾಕ್ಯ ಎಲ್ಲಾದರೂ ಇದ್ದರೆ ಹೊಡೆದುಹಾಕಿ.

ಆಮೇಲೆ ಅಜ್ಜನ ಜೊತೆ ಕೂತು ಒಂದು ಪ್ರಶ್ನೆ ಕೇಳಿ. ರಾಜೀವ ಒಂದು ವರ್ಷ ಬಿಟ್ಟು ವಾಪಸ್ ಬಂದಿದ್ದರೆ ಆ ಹೊಲ ಯಾರ ಹೆಸರಿನಲ್ಲಿರುತ್ತಿತ್ತು? ಅವರು ಏನು ಹೇಳಿದರು ಅಂತ ನನಗೆ ಬರೆಯಿರಿ.